ಸಕ್ಸಸ್ ಅಂತ ಬಂತು, ಲಡ್ಡು ಹಂಚಿ

ಹಲವು ಸರ್ವರ್‌ಗಳ ಡಿಸ್ಕ್ ಕೂಡಿಸಿ ಒಂದೇ ದೊಡ್ಡ ಉಗ್ರಾಣದಂತೆ ಬಳಸುವ ಸ್ಟೋರೇಜ್ ಕ್ಲಸ್ಟರ್‌ಗೆ ಹೊಸದೊಂದು ಸರ್ವರ್ ಸೇರಿಸಲು ಎಷ್ಟು ಹೊತ್ತು ಬೇಕು? ಅದನ್ನು ನಡೆಸುವ ಸಾಫ್ಟ್‌ವೇರ್ ಗ್ಲಸ್ಟರ್ ಆದರೆ ಒಂದೇ ಸಾಲಿನ ಕಮಾಂಡ್. ಒಳಗಿರುವ ಯಾವುದಾದರೂ ಸರ್ವರ್‌ನಲ್ಲಿ ಕೂತು ‘ಗ್ಲಸ್ಟರ್ ಪಿಯರ್ ಪ್ರೋಬ್’ ಅಂತ ಬರೆದು, ಹೊಸಬನ ಹೆಸರು ಕೊಟ್ಟು ಎಂಟರ್ ಒತ್ತಬೇಕು. ‘ಪಿಯರ್ ಪ್ರೋಬ್: ಸಕ್ಸಸ್’ ಅಂತ ಉತ್ತರ ಬರುತ್ತದೆ. ಅಷ್ಟೇ.

ಇದೇ ಕೆಲಸ ಸರ್ಕಾರಿ ಇಲಾಖೆಯೊಂದರಲ್ಲಿ ಹೇಗೆ ನಡೆಯುತ್ತದೆ ಅಂತ ನೋಡೋಣ. ಇಲಾಖೆಯ ಹೆಸರು ಬೇಡ. ಪ್ರತಿಯೊಬ್ಬರೂ ನಮ್ಮದೇ ಅಂದುಕೊಳ್ಳಲಿ.

ಡಿಸ್ಕ್ 92% ತುಂಬಿದೆ ಅಂತ ಹೊರಗುತ್ತಿಗೆ ಹುಡುಗ ಮೇಲ್ ಹಾಕಿದ. ಮೇಲ್ ಪ್ರಿಂಟ್ ಆಗಿ ಟಪಾಲಿಗೆ ಹೋಯಿತು. ಕೇಸ್ ವರ್ಕರ್ ಕಡತ ತೆರೆದು ಮಂಡಿಸಿದರು. ಸೂಪರಿಂಟೆಂಡೆಂಟ್ ‘ಪರಿಶೀಲಿಸಿ’ ಅಂದರು. ಅದರ ಮೇಲಿನವರು ‘ಚರ್ಚಿಸಿ’ ಅಂತ ಬರೆದರು. ಯಾರು, ಯಾರ ಜೊತೆ ಅಂತ ಬರೆಯಲಿಲ್ಲ. ಹಾಗಾಗಿ ಕಡತ ವಾಪಸ್ ಬಂತು. 1999ರ ಪಾರದರ್ಶಕ ಕಾಯ್ದೆಯಡಿ ಟೆಂಡರ್ ಕರೆಯಬೇಕೋ, ಟೆಂಡರ್ ಇಲ್ಲದೆ ಕೊಳ್ಳಲು 4(ಜಿ) ವಿನಾಯಿತಿ ಕೇಳಬೇಕೋ ಅನ್ನುವುದರ ಮೇಲೆ ಮಳೆಗಾಲ ಮುಗಿಯಿತು.

ತಮಾಷೆ ಅಂದರೆ, ಗ್ಲಸ್ಟರ್ ಬರೆದ ಎಂಜಿನಿಯರ್‌ಗಳಲ್ಲಿ ಬಹಳ ಮಂದಿ ಕೂತಿದ್ದು ಇದೇ ಬೆಂಗಳೂರಿನಲ್ಲಿ. 2011ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಕಂಪನಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಇಡೀ ಗ್ಲಸ್ಟರ್ ಕಂಪನಿಯನ್ನೇ ಕೊಂಡುಕೊಂಡಿತು. ನಮ್ಮವರಿಗೆ ಒಂದು ಸರ್ವರ್ ಕೊಳ್ಳಲು ಆಗುತ್ತಿಲ್ಲ. ಆಮೇಲೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಸ್ಟೋರೇಜ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಕಡತ ಆಗ ಹಣಕಾಸು ಶಾಖೆಯಲ್ಲಿತ್ತು.

ಕೊನೆಗೂ ಸರ್ವರ್ ಬಂತು. ಅರಿಶಿನ ಕುಂಕುಮ, ನಿಂಬೆಹಣ್ಣು, ಮೇಲೊಂದು ಮಲ್ಲಿಗೆ ಹಾರ. ಹಾರದ ಎಸಳು ಫ್ಯಾನಿಗೆ ಸಿಕ್ಕೀತು ಅಂತ ಹುಡುಗ ಗೊಣಗಿದ, ಯಾರೂ ಕೇಳಲಿಲ್ಲ. ಸಾಹೇಬರೇ ಎಂಟರ್ ಒತ್ತಿದರು. ಪರದೆ ಮೇಲೆ ‘ಸಕ್ಸಸ್’. ಚಪ್ಪಾಳೆ, ಫೋಟೋ, ಲಡ್ಡು. ಮೊದಲ ಸಲಕ್ಕೇ ಸಕ್ಸಸ್ ಬರಲು ಕಾರಣ, ಅದು ಎಲ್ಲೂ ಸೇರಿರದ ಹೊಸ ಯಂತ್ರ. ಬೇರೆ ಕ್ಲಸ್ಟರ್‌ನಲ್ಲಿ ಆಗಲೇ ಇರುವವನನ್ನು ಗ್ಲಸ್ಟರ್ ಮುಲಾಜಿಲ್ಲದೆ ವಾಪಸ್ ಕಳಿಸುತ್ತದೆ. 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇಟ್ಟುಕೊಂಡಿರುವ ನಾವು ಇದನ್ನಾದರೂ ಕಲಿತಿದ್ದರೆ ಎಷ್ಟೋ ರೆಸಾರ್ಟ್ ಬಿಲ್ ಉಳಿಯುತ್ತಿತ್ತು, ಅಲ್ವಾ?

ಲಡ್ಡು ಮುಗಿದ ಮೇಲೆ ಹುಡುಗ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ‘ಡಿಎಫ್’ ಕಮಾಂಡ್ ಕೊಟ್ಟು ನೋಡಿದ. ಅಷ್ಟರಲ್ಲಿ 97% ಆಗಿದ್ದ ಡಿಸ್ಕ್ 97%ನಲ್ಲೇ ಕೂತಿತ್ತು.

‘ಸಕ್ಸಸ್ ಅಂತ ಬಂತಲ್ಲಪ್ಪ?’ ಅಂದರು ಸಾಹೇಬರು.

‘ಸಾರ್, ಅದು ಬರೀ ಪರಿಚಯ ಮಾಡಿಸಿದ್ದು. ಜಾಗ ಬೇಕಂದ್ರೆ ಬ್ರಿಕ್ ಸೇರಿಸ್ಬೇಕು, ಅಂದ್ರೆ ಇದರ ಡಿಸ್ಕ್ ಜಾಗಾನ ಕ್ಲಸ್ಟರ್‌ಗೆ ಕೊಡ್ಬೇಕು. ಆಮೇಲೆ ರಿಬ್ಯಾಲೆನ್ಸ್ ಮಾಡ್ಬೇಕು, ಹಳೇ ಡೇಟಾ ಒಂದಷ್ಟು ಹೊಸದರ ಕಡೆ ಹೋಗತ್ತೆ.’

‘ಸೇರಿಸು ಮತ್ತೆ.’

‘ನಮ್ಮದು ರೆಪ್ಲಿಕಾ ಮೂರು ಸಾರ್. ಪ್ರತಿ ಫೈಲು ಮೂರು ಕಡೆ ಇರತ್ತೆ. ಬ್ರಿಕ್ ಸೇರಿಸೋದಾದ್ರೂ ಮೂರು ಮೂರೇ ಸೇರಿಸ್ಬೇಕು. ಮೂರು ಸರ್ವರ್ ಅಂತಾನೇ ಬರೆದಿದ್ದೆ. ಮಿತವ್ಯಯ ಅಂತ ಒಂದು ಮಾಡಿದ್ರಿ.’

‘ಒಂದರಲ್ಲೇ ಮೂರೂ ಇಡೋಕೆ ಬರಲ್ವಾ?’

ಬರುತ್ತದೆ. ಮೂರೂ ಪ್ರತಿ ಒಂದೇ ಯಂತ್ರದಲ್ಲಿದ್ದರೆ, ಅದು ಕೆಟ್ಟ ದಿನ ಮೂರೂ ಕೈಕೊಡುತ್ತವೆ. ಗ್ಲಸ್ಟರ್ ಕೂಡ ಇದು ಸರಿಯಲ್ಲ ಅಂತ ಎಚ್ಚರಿಸಿ, ಆದರೂ ಬೇಕೇ ಬೇಕಂದರೆ ಕೊನೆಯಲ್ಲಿ ‘ಫೋರ್ಸ್’ ಅಂತ ಬರಿ ಅನ್ನುತ್ತದೆ. ಲಿಖಿತ ಆದೇಶ ಕೊಡಿ ಅಂದ ಹುಡುಗ. ಸಾಹೇಬರು ಅಲ್ಲಿಂದ ಎದ್ದು ಹೋದರು.

ಸರ್ವರ್ ಹಾರ ಹಾಕಿಕೊಂಡು ಖಾಲಿ ಕೂತಿತು. ಸ್ಟೇಟಸ್ ಕೇಳಿದಾಗಲೆಲ್ಲ ‘ಕನೆಕ್ಟೆಡ್’ ಅನ್ನುತ್ತಿತ್ತು. ಇತ್ತ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಿಂತವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುವ ಮಾತು ಹಾಗೇ ಮುಂದುವರಿಯಿತು.

ಅಷ್ಟರಲ್ಲಿ ಆಡಿಟ್‌ನವರು ಬಂದರು. ಖಾಲಿ ಸರ್ವರ್ ಅವರ ಕಣ್ಣಿಗೆ ಬೀಳಲಿಲ್ಲ, ರಿಜಿಸ್ಟರ್‌ನಲ್ಲಿ ಅದರ ನಮೂದು ಸರಿಯಾಗಿತ್ತು. ಅವರ ಆಕ್ಷೇಪ ಬೇರೆ: ‘ಒಂದೇ ಕಡತದ ಮೂರು ಪ್ರತಿ ಇಟ್ಟಿರುವುದು ಕಂಡುಬಂದಿದ್ದು, ಎರಡು ಪ್ರತಿಗಳು ಅನಗತ್ಯವಾಗಿದ್ದು, ಸಾರ್ವಜನಿಕ ಹಣ ಪೋಲಾಗಿರುತ್ತದೆ.’

ದಕ್ಷಿಣ ಕೊರಿಯಾದಲ್ಲಿ ಈ ಉಳಿತಾಯ ಆಗಲೇ ಮಾಡಿ ನೋಡಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್‌ನ ಜಿ-ಡ್ರೈವ್ ಸುಟ್ಟುಹೋಯಿತು. ಬಹಳ ದೊಡ್ಡದು ಅಂತ ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇಟ್ಟಿರಲಿಲ್ಲ. ಹುಡುಗ ಈ ಸುದ್ದಿಯ ಪ್ರಿಂಟ್ ತೆಗೆದು ಕಡತಕ್ಕೆ ಲಗತ್ತಿಸಿದ. ಪುಟ ಸಂಖ್ಯೆ ಹಾಕಿಲ್ಲ ಅಂತ ಅದು ವಾಪಸ್ ಬಂತು.

ಸಾಹೇಬರು ಕರೆಸಿದರು.

‘ಎರಡು ಕಾಪಿ ತೆಗೆಯೋಕೆ ಕಮಾಂಡ್ ಇದೆಯೇನಪ್ಪ?’

‘ಇದೆ ಸಾರ್. ರಿಮೂವ್ ಬ್ರಿಕ್, ರೆಪ್ಲಿಕಾ ಒಂದು. ಕೊನೇಲಿ ಫೋರ್ಸ್ ಅಂತ ಹಾಕ್ಬೇಕು.’

‘ಟೆಂಡರ್ ಬೇಕಾ?’

‘ಬೇಡ ಸಾರ್.’

ಅವತ್ತೇ ಸಂಜೆಯೊಳಗೆ ಮಂಜೂರಾತಿ ಸಿಕ್ಕಿತು.