ಬೆಕ್ಕು ಪರಚಿದ್ದು

ಏಪ್ರಿಲ್ ಸೆಕೆಯಲ್ಲಿ ಅಣ್ಣ ತುಂಬು ತೋಳಿನ ಶರ್ಟ್ ಹಾಕಿಕೊಂಡು ಗೃಹಪ್ರವೇಶಕ್ಕೆ ಬಂದಿದ್ದ. ದೊಡ್ಡಮ್ಮನ ಮಗ. ಪಂಕ್ತಿಯಲ್ಲಿ ಸಾರು ಬಡಿಸಿದ ಮೇಲೆ ತೋಳು ಮಡಚಲೇಬೇಕಾಯ್ತು. ಮುಂಗೈ ಮೇಲೆ ಉಗುರಿನ ನಾಲ್ಕು ಗೆರೆ, ಇನ್ನೂ ಹಸಿ.

"ಏನೋ ಇದು, ಬೆಕ್ಕು ಪರಚಿತಾ?" ಅಂದರು ಪಕ್ಕದಲ್ಲಿದ್ದ ಮಾವ. "ಮನೆ ಬೆಕ್ಕಾ?"

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.

ಅತ್ತಿಗೆ ಅವನಿಗೆ ಹೊಡೆಯುತ್ತಿದ್ದರು. ಇದನ್ನು ಓದುವಾಗಲೂ ನಿಮ್ಮಲ್ಲಿ ಕೆಲವರಿಗೆ ಸಣ್ಣಗೆ ನಗು ಬಂದಿರುತ್ತೆ, ಗೊತ್ತು. ಏಟಿಗಿಂತ ಜಾಸ್ತಿ ಅವನನ್ನು ಹಣ್ಣು ಮಾಡಿದ್ದು ಬೇರೆ. ಸಂಬಳದ ಕಾರ್ಡ್ ಅವರ ಹತ್ತಿರ. ದಿನಾ ಮೊಬೈಲ್ ತಪಾಸಣೆ. ಅಮ್ಮನಿಗೆ ಫೋನ್ ಮಾಡಿದ ದಿನ ಬಾಗಿಲು ತೆಗೆಯುತ್ತಿರಲಿಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕಾರೊಳಗೇ ಮಲಗುತ್ತಿದ್ದ. ಒಮ್ಮೆ ಠಾಣೆಗೂ ಹೋಗಿದ್ದ. ಅಲ್ಲಿದ್ದವರು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಎಷ್ಟು ಹೈಟ್ ಇದೀರಾ ಸಾರ್?" ಅಂದರಂತೆ. ಆರಡಿ. ವಾಪಸ್ ಬಂದ.

ನಮ್ಮಮ್ಮನಿಗೆ ಹೇಳಿದೆ. "ಪಾಪ, ಅವಳಿಗೆ ಇವನು ಏನು ಮಾಡಿದ್ನೋ" ಅಂದರು. ಏಟು ತಿಂದು ಬಂದ ಹೆಣ್ಣುಮಗಳಿಗೆ ಯಾರಾದರೂ "ನೀನೇನು ಮಾಡಿದೆ?" ಅಂತ ಕೇಳಿದರೆ ಜಗಳಕ್ಕೇ ನಿಲ್ಲುವ ಅಮ್ಮ!

ಗಂಡನಿಗೆ ಏಟು ಬಿದ್ದರೆ ಹೇಳೋಕೆ ನಮ್ಮ ಹತ್ತಿರ ಇರೋ ಮಾತೆಲ್ಲ ತಮಾಷೆಯದ್ದೇ. ಅಮ್ಮಾವ್ರ ಗಂಡ, ಹೆಂಡ್ತಿ ಗುಲಾಮ, ಲಟ್ಟಣಿಗೆ ಪೂಜೆ. ನೋವು ಹೇಳೋಕೆ ಅಂತ ಒಂದು ಪದ ಇದೆಯಾ? ನನಗಂತೂ ಹೊಳೆದಿಲ್ಲ.

ಇಷ್ಟು ಬರೆದ ಕೂಡಲೇ "ನೋಡಿ, ಹೆಂಗಸರೆಲ್ಲ ಹೀಗೇ, ಕೇಸೆಲ್ಲ ಸುಳ್ಳು" ಅಂತ ಒಂದು ದಂಡು ಬರುತ್ತೆ. ದಯವಿಟ್ಟು ಬರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಹಿಂಸೆ ಕಂಡಿದ್ದಾರೆ. ಅದೇನು ಸುಮ್ನೆ ಬಂದ ಲೆಕ್ಕ ಅಲ್ಲ. ಅದೇ ಸಮೀಕ್ಷೆ "ಗಂಡ ಹೊಡೆಯದೆ ಇದ್ದಾಗಲೂ ನೀವು ಅವನಿಗೆ ಹೊಡೆದಿದ್ದೀರಾ?" ಅಂತ ಹೆಂಗಸರನ್ನು ಕೇಳುತ್ತದೆ. ಗಂಡಸರನ್ನು ಕೂರಿಸಿಕೊಂಡು "ನಿಮಗೆ ಏಟು ಬಿದ್ದಿದೆಯಾ?" ಅಂತ ಮಾತ್ರ ಕೇಳುವುದಿಲ್ಲ.

ಕಾನೂನಿನ ಕಥೆಯೂ ಹೆಚ್ಚುಕಮ್ಮಿ ಅದೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಮೊದಲು ದೂರು 'ವಯಸ್ಕ ಪುರುಷ'ನ ಮೇಲೆ ಅಂತಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಮಾತನ್ನೇ ತೆಗೆಸಿತು, ಹಾಗಾಗಿ ಹೆಂಗಸಿನ ಮೇಲೂ ದೂರು ಕೊಡಬಹುದು. ಕೊಡುವವರು ಮಾತ್ರ ಈಗಲೂ ಹೆಂಗಸೇ ಆಗಿರಬೇಕು. ನನಗೆ ಆ ಕಾಯ್ದೆಯ ಮೇಲೆ ಸಿಟ್ಟಿಲ್ಲ. ಅದು ಬೇಕೇ ಬೇಕು. ಅಣ್ಣನಂಥವರಿಗೆ ಉಳಿಯೋದು ಹಲ್ಲೆಯ ಮಾಮೂಲಿ ಕೇಸು, ಇಲ್ಲವೇ ಕ್ರೌರ್ಯದ ಕಾರಣ ಕೊಟ್ಟು ವಿಚ್ಛೇದನ. ಎರಡಕ್ಕೂ ಮೊದಲು ಯಾರೋ ಒಬ್ಬರ ಎದುರು ಬಾಯಿ ಬಿಟ್ಟು ಹೇಳಬೇಕಲ್ವಾ? ಆ ಪಂಕ್ತಿಯಲ್ಲಿ ಮೂವತ್ತು ಜನ ಇದ್ದೆವು.

ಈಗ ಅವನು ಬೇರೆ ಮನೆ ಮಾಡಿದ್ದಾನೆ. ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಮಾವ ಒಂದು ಲಟ್ಟಣಿಗೆ ಜೋಕ್ ಹಾಕಿದರು. ಮೊದಲ ನಗುವಿನ ಇಮೋಜಿ ಅಣ್ಣನದೇ.