ಚಳಿ ಅಂದ್ರು ಅಂತ ಹೀಟರ್ ಜಾಸ್ತಿ ಮಾಡ್ದೆ

ಜಪಾನಿನ ಒಸಾಕಾಗೆ ಬಂದು ಎರಡನೇ ಡಿಸೆಂಬರು. ಆಫೀಸಿನ ಬೋನೆಂಕಾಯ್, ಅಂದ್ರೆ ವರ್ಷದ ಕೊನೆಯಲ್ಲಿ ಕುಡಿದು ತಿಂದು ವರ್ಷಾನ ಮರೆಯೋ ಪಾರ್ಟಿ, ಅಲ್ಲಿ ನೀನೂ ಏನಾದ್ರೂ ಮಾಡಪ್ಪ ಅಂದ್ರು. ವಾರವಿಡೀ ಬಾತ್‌ರೂಮ್ ಕನ್ನಡಿ ಮುಂದೆ ನಾನು ಪ್ರಾಕ್ಟೀಸ್ ಮಾಡಿದ್ದು ಅಲ್ಲಿನ ಕಾಮಿಡಿಯನ್ ಡ್ಯಾಂಡಿ ಸಕಾನೋ ಅವರ "ಗೆಟ್ಸ್!". ಹಳದಿ ಸೂಟು, ಎರಡೂ ಕೈಯ ತೋರುಬೆರಳು ಮುಂದಕ್ಕೆ, ಗೆಟ್ಸ್, ಅಷ್ಟೇ. ಅರ್ಥ ಗಿರ್ಥ ಏನೂ ಇಲ್ಲ, 2003ರಲ್ಲಿ ಊರೆಲ್ಲಾ ಇದೇ ಮಾಡ್ತಿತ್ತಂತೆ. ಸೂಟಿಗೆಲ್ಲಿಗೆ ಹೋಗೋದು, ಹೆಂಡತಿಯ ಹಳದಿ ದುಪಟ್ಟಾ ಹೊದ್ಕೊಂಡು "ಗೆಟ್ಸ್!" ಅಂದೆ.

ಯಾರೂ ಉಸಿರೆತ್ತಲಿಲ್ಲ. ಮೂಲೆಯಿಂದ ಒಬ್ಬರು ಮೆಲ್ಲಗೆ "ಸಮುಯ್" ಅಂದ್ರು. ಸಮುಯ್ ಅಂದ್ರೆ ಚಳಿ, ಬಂದ ಮೊದಲನೇ ವಾರಾನೇ ಕಲಿತಿದ್ದ ಪದ, ಪಾಪ ವಯಸ್ಸಾದವರು ಅಂತ ದುಪಟ್ಟಾ ಸಮೇತ ಹೋಗಿ ಗೋಡೆ ಮೇಲಿನ ಬಟನ್ ಒತ್ತಿ ಹೀಟರು 24ರಿಂದ 28ಕ್ಕೆ ಏರಿಸಿದೆ, ಪೀ ಪೀ ಪೀ ಪೀ.

ಆಗ ನಕ್ಕರು ನೋಡಿ! ನಮ್ಮ ಟೀಮ್ ಲೀಡ್ ಎದ್ದು ಬಂದು ಹಿಂಗೈಯಲ್ಲಿ ನನ್ನ ಎದೆಗೆ ಪಟ್ ಅಂತ ಹೊಡೆದು "ನಾಂದೆಯಾನೆನ್!" ಅಂದ್ರು. ಮಂಜಾಯ್ ಅಂತ ಇಲ್ಲಿನ ಜೋಡಿ ಕಾಮಿಡಿ, ಅದರಲ್ಲಿ ಇಬ್ಬರಿರ್ತಾರೆ, ಪೆದ್ದುಪೆದ್ದಾಗಿ ಮಾತಾಡೋ ಬೊಕೆ, ಅವನನ್ನ ತಿದ್ದೋ ತ್ಸುಕ್ಕೋಮಿ, ಆ ತ್ಸುಕ್ಕೋಮಿ ಹೇಳೋ ಮಾತು ಇದು, ಹೆಚ್ಚುಕಮ್ಮಿ ನಮ್ಮ "ಏನಯ್ಯಾ ಇದು!" ಇದ್ದಂಗೆ. ನನ್ನ ಕಿವಿಗೆ ಮಾತ್ರ ಒಂದು ವರ್ಷ "ನಂದೇನೇ" ಅಂತ ಕೇಳಿಸ್ತಿತ್ತು.

ಪಕ್ಕದವರು ಆಮೇಲೆ ಬಿಡಿಸಿ ಹೇಳಿದ್ರು, ಜೋಕ್ ಬಿದ್ದುಹೋದ್ರೆ ಚಳಿ ಅಂತಾರಂತೆ, ಹೇಳಿದವನು ಜಾರಿದ ಅಂತಾರಂತೆ, ಆಗ ಆದ ಮೌನವನ್ನ ಮಾಂಗಾದಲ್ಲಿ, ಅಂದ್ರೆ ಇಲ್ಲಿನ ಕಾಮಿಕ್ಸಲ್ಲಿ, "ಶೀ…ನ್" ಅಂತ ಬರೀತಾರಂತೆ. ಸದ್ದಿಲ್ಲದ್ದಕ್ಕೂ ಒಂದು ಸದ್ದಾ ಅಂತ ನಗೋಕೆ ಹೊರಟೆ, ಅಷ್ಟರಲ್ಲಿ ಅಜ್ಜಿ ನೆನಪಾದ್ರು. ರಜೆ ಮುಗಿದು ನಾವೆಲ್ಲ ಹೊರಟ್ರೆ "ಮನೆ ಬಿಕೋ ಅಂತದೆ ಕಣೋ" ಅಂತಿದ್ರು. ಯಾವ ಮನೆ ಬಿಕೋ ಅಂದಿದ್ದನ್ನ ಯಾರು ಕೇಳಿದ್ದಾರೆ? ನಮ್ಮಲ್ಲಿ ಕತ್ತಲೆ ಕೂಡ ಗವ್ ಅನ್ನುತ್ತೆ. ಬಾಯಿ ಮುಚ್ಕೊಂಡು ಎಡಮಾಮೆ, ಅಂದ್ರೆ ಬೇಯಿಸಿದ ಹಸಿ ಸೋಯಾ ಕಾಯಿ, ಸುಲಿದೆ.

ಬೆಳಗ್ಗೆ ಗ್ರೂಪಲ್ಲಿ ನನ್ನ ಫೋಟೋ, ಕೆಳಗೆ ಸಾಲಾಗಿ "ಕುಸಾ", "ಕುಸಾ". ಟ್ರಾನ್ಸ್‌ಲೇಟ್ ಒತ್ತಿದ್ರೆ ಹುಲ್ಲು ಅಂತ ಬಂತು. ನನ್ನನ್ನ ದನ ಅಂತಿದಾರಾ ಅಂತ ಅರ್ಧ ದಿನ ಕುದ್ದೆ. ಕೊನೆಗೆ ಗೊತ್ತಾಯ್ತು, ವರಾವು ಅಂದ್ರೆ ನಗು, ಅದರ ಮೊದಲ ಇಂಗ್ಲಿಷ್ ಅಕ್ಷರ ಡಬ್ಲ್ಯೂ, ಅದನ್ನ ಸಾಲಾಗಿ ಒತ್ತಿದ್ರೆ ಹುಲ್ಲು ಬೆಳೆದಂಗೆ ಕಾಣುತ್ತೆ, ಹಾಗಾಗಿ ಹುಲ್ಲು ಅಂದ್ರೇನೇ ನಗು.

ಇದನ್ನೆಲ್ಲ ಹೆಂಡತಿಗೆ ವಿವರವಾಗಿ ಹೇಳಿದೆ. ದುಪಟ್ಟಾದ ಮೇಲಿನ ಸೋಯಾ ಸಾಸ್ ಕಲೆ ಉಜ್ಜುತ್ತಾ, ತಲೆ ಎತ್ತದೇ ಅಂದಳು: "ಹಾಕಿದಾರಲ್ಲ, ಮೇಯಿರಿ."