ಅಗ್ಗದ ರಿಪೇರಿ, ದುಬಾರಿ ಕಾರು

ಕಾರಿನ ಬೆಲೆಗಿಂತ ರಿಪೇರಿಯ ಖರ್ಚು ಹೆಚ್ಚಾಯಿತೋ, ಗುಜರಿಗೆ ಹಾಕಿಬಿಡು. ನಾನಿರುವ ಇಂಗ್ಲೆಂಡಿನಲ್ಲಿ ಈ ಲೆಕ್ಕವನ್ನು ಯಾರೂ ಪ್ರಶ್ನಿಸುವುದಿಲ್ಲ. ಚಿಕ್ಕಮಗಳೂರಿನ ಹತ್ತಿರ ಆಲ್ದೂರಿನಲ್ಲಿರುವ ನನ್ನ ತಮ್ಮನಿಗೆ ಇದನ್ನು ಹೇಳಿದರೆ ನಗುತ್ತಾನೆ. ಸೆಕೆಂಡ್ ಹ್ಯಾಂಡಾಗಿ ಕೊಂಡ ಅವನ ಡೀಸೆಲ್ ಕಾರಿಗೆ ಈಗ ಒಂದು ಲಕ್ಷವೂ ಹುಟ್ಟುವುದಿಲ್ಲ. ಆ ದುಡ್ಡಿಗೆ ಸಿಗುವುದು ಇನ್ನೊಬ್ಬರು ಬೇಸತ್ತು ಮಾರಿದ ಕಾರು ತಾನೇ, ನನ್ನದರ ಕಾಯಿಲೆಯಾದರೂ ನನಗೆ ಗೊತ್ತು ಅಣ್ಣಾ, ಎಂಬುದು ಅವನ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ ನನ್ನ ತಕರಾರು.

ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಂಒಟಿ ಎಂಬ ಪರೀಕ್ಷೆ ಕಡ್ಡಾಯ. 1960ರಲ್ಲಿ ಶುರುವಾದಾಗ ಹತ್ತು ವರ್ಷ ಹಳೆಯ ವಾಹನಗಳಿಗಷ್ಟೇ ಇತ್ತು. ಶುಲ್ಕ 54.85 ಪೌಂಡ್ ಮೀರುವಂತಿಲ್ಲ. ಟೈರಿನ ಗ್ರಿಪ್ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಿದ್ದರೆ ಫೇಲು; ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನಿಂದ ಬ್ರೇಕ್ ಪೈಪು ತುಕ್ಕು ಹಿಡಿದು ಹಾಳಾಗಿದ್ದರೂ ಫೇಲು. ಸದ್ಯಕ್ಕೆ ಪರವಾಗಿಲ್ಲ, ಗಮನವಿರಲಿ ಎನ್ನುವಂಥವನ್ನು ಬೇರೆಯಾಗಿ ಬರೆದುಕೊಡುತ್ತಾರೆ. ಕಾರಿನ ನಂಬರ್ ಹಾಕಿದರೆ ಅದರ ಹಳೆಯ ಫಲಿತಾಂಶಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಹಳೆಯ ಕಾರು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಮನುಷ್ಯನ ಕೂಲಿ ದುಬಾರಿ. ಹಲವು ಗ್ಯಾರೇಜುಗಳಲ್ಲಿ ಒಂದು ಗಂಟೆಯ ಕೂಲಿಯೇ ಪರೀಕ್ಷೆಯ ಶುಲ್ಕವನ್ನು ಮೀರುತ್ತದೆ. ಹಾಗಾಗಿ ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಕ್ಲಚ್ ಹೋಯಿತೆಂಬ ಒಂದೇ ಕಾರಣಕ್ಕೆ ಕಾರುಗಳು ಗುಜರಿ ಸೇರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಖಾಸಗಿ ಕಾರಿಗೆ ಮೊದಲ 15 ವರ್ಷ ಹೊಗೆ ತಪಾಸಣೆ ಬಿಟ್ಟರೆ ಬೇರೆ ಪರೀಕ್ಷೆಯಿಲ್ಲ. ಆಮೇಲೆ ಎಫ್‌ಸಿ ಎಂಬ ಸುಸ್ಥಿತಿ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿಯ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಮಿಕ್ಕಿದ್ದೆಲ್ಲ ಮೆಕ್ಯಾನಿಕ್‌ನ ತಲೆಯೊಳಗಿರುತ್ತದೆ. ಊರಿಗೆ ಹೋಗಿದ್ದಾಗ ತಮ್ಮನ ಗ್ಯಾರೇಜಿನವನ ಕೆಲಸ ನೋಡಿದೆ. ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದ, ಬಾಯಿಯ ಮೇಲೆ ಅಂಗೈ ಹಿಡಿದು ನಿಂತ. ಪಿಸ್ಟನ್ ಓಡಾಡುವ ಬೋರ್ ಸವೆದಿದ್ದರೆ ಅಲ್ಲಿಂದ ಹೊಗೆ ಬರುತ್ತದೆ. ಹೊಗೆ ಗುಪ್ಪಗುಪ್ಪನೆ ಉಗುಳಲಿಲ್ಲ. “ಬೋರ್ ಚೆನ್ನಾಗಿದೆ, ಎಂಜಿನ್ ಬಿಚ್ಚುವುದು ಬೇಡ” ಎಂದ. ಎಂಜಿನ್ ಕೆಲಸ ಹೇಳಿದ್ದರೆ ಅವನಿಗೇ ಲಾಭವಿತ್ತು. ಇಂಥವನು ಸಿಕ್ಕಿರುವಾಗ ಕಾರನ್ನು ಬಿಡಲು ಮನಸ್ಸು ಬರುವುದಿಲ್ಲ, ನಿಜ.

ಆದರೆ ಆ ಕಾರಿನ ತೊಂದರೆ ಬೋರ್ ಅಲ್ಲ, ಹೀಟು. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದು ಹಿಂದಿರುಗುವಾಗ ಚಾರ್ಮಾಡಿ ಏರಿನಲ್ಲಿ ಹೀಟು ತೋರಿಸುವ ಮುಳ್ಳು ಮೇಲೇರುತ್ತದೆ. ಘಾಟಿಯ ಅಣ್ಣಪ್ಪಸ್ವಾಮಿ ಗುಡಿಯ ಎದುರು ನಿಲ್ಲಿಸಿ ಕೈಮುಗಿಯುವುದು ಎಲ್ಲರ ರೂಢಿ. ನಮ್ಮವನು ಅಲ್ಲಿ ನಿಲ್ಲುವುದು ರೇಡಿಯೇಟರ್ ತಣ್ಣಗಾಗಲಿ ಎಂದು. ಮೊದಲು ರೇಡಿಯೇಟರ್ ತೊಳೆಸಿದ. ಆಮೇಲೆ ಥರ್ಮೋಸ್ಟಾಟ್ ಬದಲಾಯಿತು, ವಾಟರ್ ಪಂಪ್ ಬದಲಾಯಿತು, ಫ್ಯಾನೂ ಹೊಸದಾಯಿತು. ಪ್ರತಿ ಸಲವೂ ಕೆಲವೇ ಸಾವಿರ. ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರ, ಆದರೆ ಬಿಲ್ಲೇ ಇಲ್ಲದ ಲೆಕ್ಕವನ್ನು ಕೂಡಿಸುವವರು ಯಾರು? ಇಂಗ್ಲೆಂಡಿನಲ್ಲಿ ದುಬಾರಿ ಕೂಲಿಯೇ ವರ್ಷಕ್ಕೊಮ್ಮೆ ಕುತ್ತಿಗೆ ಹಿಡಿದು ತೀರ್ಮಾನ ಮಾಡಿಸುತ್ತದೆ. ಚಿಕ್ಕಮಗಳೂರಿನಲ್ಲಿ ಕೂಲಿ ಅಗ್ಗ, ಆದ್ದರಿಂದ ತೀರ್ಮಾನವೇ ಬೇಕಾಗುವುದಿಲ್ಲ. ಕಾರಣ ಹುಡುಕುವುದಕ್ಕಿಂತ ಒಂದೊಂದೇ ಸಾಮಾನು ಬದಲಿಸುವುದು ಸುಲಭ.

ಹಾಗಾಗಿ ಬೆಲೆಯ ಲೆಕ್ಕವನ್ನು ನಾನು ಬದಿಗಿಡುತ್ತೇನೆ. ಕೆಟ್ಟದ್ದು ಏನು, ಏಕೆ ಎಂದು ಖಚಿತವಾಗಿ ಹೇಳುವವನಿದ್ದರೆ, ಖರ್ಚು ಕಾರಿನ ಬೆಲೆಯನ್ನು ಮೀರಿದರೂ ಮಾಡಿಸಬಹುದು. ಒಂದೇ ತೊಂದರೆ ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಹೊಸ ಕಾರಣ ಕೇಳಿಬಂದರೆ ಸಣ್ಣ ಖರ್ಚೂ ದಂಡ. ಮಲೆನಾಡಿನ ಮಳೆಗೆ ಅಂಗಳದಲ್ಲಿ ನೆನೆದು ತಳವೇ ತುಕ್ಕು ತಿಂದಿದ್ದರೆ ಮಾತೇ ಬೇಡ, ಟಿಂಕರಿಂಗ್ ಮಾಡಿ ಬಣ್ಣ ಬಳಿದರೆ ಕಣ್ಣಿಗೆ ಮಾತ್ರ ಸಮಾಧಾನ. ಬಿಡಿಭಾಗದ ಮಾತೂ ಉಂಟು: ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಅಲ್ಲಿನ ಕಾರು ತಯಾರಿಕೆ ಮುಗಿಸುವುದಾಗಿ ಫೋರ್ಡ್ 2021ರಲ್ಲಿ ಘೋಷಿಸಿತು. ಅಂಥ ಕಾರು ಕೊಳ್ಳುವವರು ಮೊದಲು ಅಂಗಡಿಯಲ್ಲಿ ಸಾಮಾನು ವಿಚಾರಿಸಲಿ.

ತಮ್ಮನಿಗೆ ಹೇಳಿದ್ದು ಇಷ್ಟು. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಆಮೇಲೆ ಚಾಲೂ ಮಾಡಿ ನೋಡು. ನೀರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಮೇಲ್ಭಾಗವಾದ ಹೆಡ್ಡಿನ ಅಡಿಯ ಪದರದ ಮೇಲೆ ಅನುಮಾನ. ಹೆಡ್ ಬಿಚ್ಚಿಸಿ ಲೇತಿಗೆ ಕಳಿಸು. ಬರೀ ಸೊಟ್ಟಗಾಗಿದ್ದರೆ ಉಜ್ಜಿ ಮಟ್ಟಸ ಮಾಡುವ ಫೇಸಿಂಗ್ ಮಾಡಿಸಿ, ಪ್ರವಾಸಿಗರ ಸಾಲಿಲ್ಲದ ದಿನ ನೋಡಿಕೊಂಡು ಮುಳ್ಳಯ್ಯನಗಿರಿಯ ದಾರಿ ಹತ್ತಿಸು. 1,930 ಮೀಟರ್ ಎತ್ತರದ ಬೆಟ್ಟದ ಆ ಏರಿನಲ್ಲಿ ಮುಳ್ಳು ಅಲುಗದಿದ್ದರೆ ಕಾರು ಇರಲಿ, ಅಮ್ಮನನ್ನೂ ಕೂರಿಸಿಕೊಂಡು ಹೋಗು. ಹೆಡ್ಡಿನಲ್ಲಿ ಬಿರುಕು ಕಂಡರೆ ಬಂದ ಬೆಲೆಗೆ ಕೊಟ್ಟುಬಿಡು, ಕೊಳ್ಳುವವರಿಗೆ ಬಿರುಕಿನ ವಿಷಯ ತಿಳಿಸಿಯೇ ಕೊಡು. ಕೊನೆಯ ಮಾತಿಗೆ ಅವನು ಇನ್ನೂ ಹೂಂ ಎಂದಿಲ್ಲ.